ಬೂಟು ಒದ್ದೆಯಾಗಬಾರದು

ಊರಿನ ಹಳೇ ಪದ್ಧತಿಯನ್ನು ಆಡಿ ತೋರಿಸಲೆಂದು ದಡಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಸಮುದ್ರಕ್ಕಿಳಿದ ಹುಡುಗಿ ನಾಲ್ಕು ಹೆಜ್ಜೆಗೇ ಮುಗ್ಗರಿಸಿದಳು. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೀನು ಹಿಡಿಯೋಕೆ ಹೊರಟ ಗಂಡನ ಬೂಟು ಒದ್ದೆಯಾಗಬಾರದು ಅಂತ ನಮ್ಮೂರ ಹೆಂಗಸರು ದಿನಾ ಹೀಗೆ ದೋಣಿ ತನಕ ಹೊತ್ಕೊಂಡು ಹೋಗ್ತಿದ್ರು. ಪ್ರೀತಿ ಅಂದ್ರೆ ಅದು,” ಎಂದು ಊರಿನ ಚರಿತ್ರೆ ಸಂಘದ ಡಾಡ್ ಪಿರೀ ಮೈಕಿನಲ್ಲಿ ಹೇಳಿದ.

ಎಂಬತ್ತಾರು ವರ್ಷದ ಎಲ್ಸ್‌ಪೆಟ್ ಮೇರ್ ನಗಲಿಲ್ಲ. ಕಡಲಿಗೆ ಬಲಿಯಾದವರಿಗೆಂದು ಸಂಘದವರು ಅವತ್ತು ನಿಲ್ಲಿಸಿದ್ದ ಕಲ್ಲಿನ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು. ಎಲ್ಲವೂ ಗಂಡಸರ ಹೆಸರು.

“ನಮ್ಮವ್ವನ ಹೆಸರೇ ಇಲ್ಲವಲ್ಲೋ ಡಾಡ್.”

ಡಾಡ್ ಮೈಕು ಆರಿಸುವುದನ್ನು ಮರೆತು ಹತ್ತಿರ ಬಂದ. “ಇದು ಸಮುದ್ರ ನುಂಗಿದವರ ಕಲ್ಲು, ಅಜ್ಜಿ. ನಿಮ್ಮವ್ವ ಎದೇಲಿ ಕಫ ಕಟ್ಟಿ ಮನೇಲೇ ತೀರ್ಕೊಂಡ್ರಲ್ವಾ? ಬೇಜಾರು ಮಾಡ್ಕೋಬೇಡಿ. ನಿಮ್ಮಪ್ಪನ ಬೂಟು ಗಾಜಿನ ಪೆಟ್ಟಿಗೇಲಿ ಇಟ್ಟಿದ್ದೀವಿ, ಇವತ್ತಿಗೂ ಹೊಸದರ ಹಾಗೇ ಇದೆ.”

“ಇರದೆ ಏನು? ನೀರು ತಾಗಿದ್ರೆ ತಾನೆ ಹಾಳಾಗೋದು.” ಎಲ್ಸ್‌ಪೆಟ್ ಕಲ್ಲಿನಿಂದ ಬೆರಳು ತೆಗೆಯಲಿಲ್ಲ. “ಅವ್ವ ಅವನನ್ನ ದೋಣಿಗೆ ಹತ್ತಿಸಿ ಬಂದು, ಜನವರಿ ಚಳೀಲೂ ಅದೇ ಒದ್ದೆ ಲಂಗದಲ್ಲಿ ಕೂತು, ಮಧ್ಯಾಹ್ನದ ತನಕ ಮಾರನೇ ದಿನದ ಗಾಳಗಳಿಗೆ ಎರೆ ಅಂತ ಚಿಪ್ಪುಮೀನು ಸಿಕ್ಕಿಸ್ತಿದ್ಳು. ಸಾಯೋವಾಗ ಅವಳಿಗೆ ಮೂವತ್ನಾಲ್ಕು ವರ್ಷ.”

ಅವಳ ಮಾತು ಮೈಕಿನಲ್ಲಿ ದಡದುದ್ದಕ್ಕೂ ಕೇಳಿಸುತ್ತಿತ್ತು. ನಗು ನಿಂತಿತ್ತು.

“ಅವಳನ್ನೂ ಸಮುದ್ರವೇ ನುಂಗಿದ್ದು ಕಣೋ. ಸೊಂಟದ ತನಕ, ದಿನಾ ಸ್ವಲ್ಪ ಸ್ವಲ್ಪ.”