ಖಣವಿಲ್ಲದ ಉಡಿ

ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಸವಣೂರಿನ ವೀಳ್ಯದೆಲೆ ಬಿದ್ದ ಮೇಲೂ ಅತ್ತೆಯ ತಂಗಿ ಗೋಪಿಕಾಬಾಯಿ ಒಡ್ಡಿದ ಸೆರಗನ್ನು ಹಾಗೇ ಹಿಡಿದು ಕುಳಿತರು. "ಕುಪ್ಪಸದ ಖಣ ಎಲ್ಲಿ ಅದ, ಸುಮೇಧಾ?"

ಸುಮೇಧಾ ಅಕ್ಕಿಯ ತಟ್ಟೆ ಕೆಳಗಿಟ್ಟಳು. ಸೊಸೆಯಾಗಿ ತಾನೇ ಮುಂದೆ ನಿಂತು ತುಂಬುತ್ತಿದ್ದ ಮೊದಲ ಉಡಿ ಅದು. "ತಂದಿಲ್ರಿ ಮೌಶಿ. ಆ ಪಾಲಿಸ್ಟರ್ ತುಂಡು ಯಾರೂ ಹೊಲಿಸೂದಿಲ್ಲ. ಮನಿಮನಿ ತಿರುಗಿ ಕಡೀಕ ತಿಪ್ಪಿಗೆ ಹೋಗ್ತಾವ."

"ಭಾಳ ಶ್ಯಾಣ್ಯಾಕಿ ಆಗೀದಿ! ಖಣ ಇಲ್ಲದ ಉಡಿ ತಗೊಂಡು ನಾ ಈ ಹೊಸ್ತಿಲ ದಾಟೂದಿಲ್ಲ." ಉಡಿಗೆ ಬಂದು ಸಾಲಿನಲ್ಲಿ ಕುಳಿತಿದ್ದ ಹೆಂಗಸರು ತಿರುಗಿ ನೋಡಿದರು. ಅತ್ತೆ ಎದ್ದು ಒಳಗೆ ಹೋದರು. ಅವರು ಖಣ ತಂದು ತನ್ನ ಕೈಯಿಂದಲೇ ಹಾಕಿಸಿದರೆ, ಇನ್ನು ಈ ಮನೆಯಲ್ಲಿ ತನ್ನ ಮಾತು ಮುಗಿದಂತೆಯೇ ಎಂದುಕೊಂಡಳು ಸುಮೇಧಾ.

ಅತ್ತೆ ಉಡಿಯಲ್ಲಿ ಬಂದು ಟ್ರಂಕಿನಲ್ಲಿ ಹೊಲಿಸದೆ ಬಿದ್ದಿದ್ದ ಅಷ್ಟೂ ಖಣಗಳನ್ನು ತಂದು ತಂಗಿಯ ಮುಂದೆ ಸುರಿದರು. "ಗೋಪಿ, ನಿನ್ನ ತೋಳಿಗೆ ಸಾಲೂದೊಂದು ಆರಿಸ್ಕೊ. ನಾನ ಹೊಲದು ಕೊಡ್ತೇನಿ."

ಗೋಪಿಕಾಬಾಯಿ ಒಂದನ್ನು ಬಿಚ್ಚಿ ತಮ್ಮ ದಪ್ಪ ತೋಳಿಗೆ ಹಿಡಿದರು. ಸಾಲಲಿಲ್ಲ. ಇನ್ನೊಂದು ಹಿಡಿದರು, ಮತ್ತೊಂದು ಹಿಡಿದರು; ಯಾವುದೂ ಸಾಲಲಿಲ್ಲ. ಆಮೇಲೆ ಸುಮೇಧಾಳ ಕಿವಿಯ ಹತ್ತಿರ ಬಾಗಿದರು.

"ಶುಕ್ರವಾರ ನಮ್ಮ ಮನ್ಯಾಗ ಉಡಿ ಅದ. ಖಣ ಹಾಕೂದಿಲ್ಲಂತ ಎಲ್ಲಾರಿಗೂ ನೀನ ಬಂದು ಹೇಳು. ನನಗ ಅಷ್ಟು ಧೈರ್ಯ ಇಲ್ಲ."