ಅದೇ ಇಂಜೆಕ್ಷನ್

ಸ್ಟ್ರೆಚರ್ ಮೇಲಿದ್ದವನ ಮುಖದ ರಕ್ತ ಒರೆಸಿದಾಗ ಡಾಕ್ಟರ್ ರೂಪಾಲಿಯ ಬಲಗೈ ತಾನಾಗಿಯೇ ಹಿಂದಕ್ಕೆ ಸರಿಯಿತು. ನಾಲ್ಕು ತಿಂಗಳ ಹಿಂದೆ ಆ ಕೈ ಮುರಿದವನು ಇವನೇ. ನೀಲೇಶ.

ಅಂದು ಅವನ ಬಳಿ ಕಬ್ಬಿಣದ ಸಲಾಕೆಯಿತ್ತು. ಮಿರಜಿನ ಈ ಆಸ್ಪತ್ರೆಯ ಐಸಿಯು ಬಾಗಿಲಿನ ಗಾಜು ಪುಡಿಯಾಗಿತ್ತು. ಅಡ್ಡ ಬಂದ ವಾಚ್‌ಮನ್ ದಶರಥನ ಮೂರು ಹಲ್ಲು ನೆಲಕ್ಕೆ ಬಿದ್ದಿದ್ದವು. ಆಮೇಲೆ ರೂಪಾಲಿಯ ಮುಂಗೈ. ಮೂಳೆ ಮುರಿದ ಸದ್ದು ಅವಳಿಗೆ ಈಗಲೂ ಕೇಳಿಸುತ್ತದೆ.

ಕಾರಣ ಅವನ ತಂದೆ ಧರೆಪ್ಪ, ಖಂಡೇರಾಜುರಿಯ ಜೈನ ರೈತ. ನ್ಯುಮೋನಿಯಾ. ಉಸಿರು ಸೋಲುತ್ತಿತ್ತು. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಜೋಡಿಸಬೇಕಿತ್ತು. ಬಾಯಿಗೆ ಏನೂ ಕೊಡಬೇಡಿ ಎಂದು ಬೆಳಿಗ್ಗೆಯೇ ಹೇಳಿದ್ದಳು. ದೀಪ ಹಚ್ಚುವ ಹೊತ್ತಿಗೆ ಪ್ರಜ್ಞೆ ತಪ್ಪಿಸಲು ಎಟೊಮಿಡೇಟ್ ಚುಚ್ಚಿದಳು. ಪೇಟೆಗೆ ಹೊಸದಾಗಿ ಬಂದ ಔಷಧ. ರಕ್ತದೊತ್ತಡವನ್ನು ಅಷ್ಟಾಗಿ ಇಳಿಸುವುದಿಲ್ಲವೆಂದೇ ಅದನ್ನು ಆರಿಸಿದ್ದಳು. ನಳಿಕೆ ಇಳಿಸುವಷ್ಟರಲ್ಲಿ ಗಂಟಲಲ್ಲಿ ಏನೋ ಉಕ್ಕಿತು. ದಾರಿ ಕಾಣಲಿಲ್ಲ. ಮುಖ ನೀಲಿಗಟ್ಟಿ ಹೃದಯ ನಿಂತಿತು. ಹೊರಗೆ ಧರೆಪ್ಪನ ಹೆಂಡತಿ ಚಂದ್ರಾಬಾಯಿ ತೊಡೆಯ ಮೇಲೆ ಖಾಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು.

ಹೊಸ ಇಂಜೆಕ್ಷನ್ನಿಗೆ ರೈತ ಬಲಿ ಎಂದು ಪತ್ರಿಕೆ ಬರೆಯಿತು. ವಿಚಾರಣೆ ಇನ್ನೂ ಮುಗಿದಿಲ್ಲ. ರೂಪಾಲಿ ಆ ಔಷಧವನ್ನು ಮತ್ತೆ ಮುಟ್ಟಿಲ್ಲ.

ಈಗ ಸಾಂಗ್ಲಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ನೀಲೇಶನ ಬೈಕಿನ ಮೇಲೆ ಹರಿದಿತ್ತು. ಎದೆ ಜಜ್ಜಿಹೋಗಿತ್ತು. ರಕ್ತದೊತ್ತಡ ಎಪ್ಪತ್ತು. ಇವನಿಗೂ ನಳಿಕೆ ಬೇಕು, ತಕ್ಷಣ. ಟ್ರೇಯಲ್ಲಿ ಪ್ರಜ್ಞೆ ತಪ್ಪಿಸುವ ಎರಡು ಔಷಧ. ಹಳೆಯ ಥಯೋಪೆಂಟೋನ್ ಉಳಿದಿರುವ ಒತ್ತಡವನ್ನೂ ನುಂಗಿಬಿಡಬಹುದು. ಆದರೆ ಅದಕ್ಕಾಗಿ ಯಾರೂ ಅವಳನ್ನು ಕೊಲ್ಲಲು ಬರುವುದಿಲ್ಲ. ಇನ್ನೊಂದು, ಅದೇ.

ಅವಳ ಬೆರಳು ಹಳೆಯದರ ಕಡೆಗೆ ಹೋಯಿತು.

ಬಾಗಿಲಲ್ಲಿ ಹತ್ತು ಜನ. ಮುಂದೆ ಧರೆಪ್ಪನ ತಮ್ಮ, ನೀಲೇಶನ ಕಾಕಾ ನೇಮಿನಾಥ, ದಶರಥನ ಕುತ್ತಿಗೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಅವನ ತೋಳಿನ ಕೆಳಗೆ ನುಸುಳಿ ಚಂದ್ರಾಬಾಯಿ ಒಳಗೆ ಬಂದಳು. ಈ ಸಲ ಬರಿಗೈ.

“ಅವತ್ತ ಕೊಟ್ಟದ್ದು ಯಾವುದ್ರಿ, ಡಾಕ್ಟರಬಾಯಿ?”

ರೂಪಾಲಿ ತೋರಿಸಿದಳು.

“ಅದನ್ನ ಕೊಡ್ರಿ.”

“ವೈನಿ, ಅಣ್ಣನ್ನ ತಿಂದ ಔಷಧ ಅದು,” ಎಂದ ನೇಮಿನಾಥ ಅತ್ತಿಗೆಗೆ. “ಇವಗೇನಾರ ಆತಂದ್ರ ಈ ಡಾಕ್ಟರಬಾಯೀನ ಇಲ್ಲೇ ಕಡೀತೇನಿ.”

ಚಂದ್ರಾಬಾಯಿಯ ಕೆನ್ನೆಯ ಮೇಲೆ ಬೆರಳುಗಳ ಗುರುತಿತ್ತು. ಮಗ ಅವಳನ್ನೂ ಹೊಡೆಯುತ್ತಾನೆಂದು ಊರೇ ಆಡಿಕೊಳ್ಳುತ್ತಿತ್ತು. ರೂಪಾಲಿ ಆ ಗುರುತನ್ನೇ ನೋಡಿದಳು. ಈಕೆ ಮಗನನ್ನು ಮುಗಿಸಲು ಬಂದಿದ್ದಾಳೆಯೇ? ಅದೂ ತನ್ನ ಕೈಯಿಂದ?

ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ ಯಾವ ಔಷಧವೂ ಉಳಿಸದು. ಅಂದೂ ಕೇಳಿದ್ದಳು, ಮನೆಯವರು ಇಲ್ಲವೆಂದು ತಲೆಯಾಡಿಸಿದ್ದರು.

“ಏನಾರ ತಿಂದಾನೇನ್ರಿ?”

ಚಂದ್ರಾಬಾಯಿ ಮೈದುನನ ಕಡೆಗೆ ತಿರುಗಿ, ಬಾಗಿಲಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದಳು: “ಇವಗ ನಾ ಏನೂ ಕೊಟ್ಟಿಲ್ಲ. ಅವತ್ತ ನಮ್ಮ ಯಜಮಾನ್ರಿಗೆ ಕೊಟ್ಟಿದ್ದೆ. ಹೊತ್ತು ಮುಳುಗಿದ್ರ ನೀರೂ ಮುಟ್ಟಾವ್ರಲ್ಲ, ರಾತ್ರಿಯೆಲ್ಲಾ ಉಪಾಸ ಬೀಳ್ತಾರಂತ, ಮುಳುಗೋದ್ರೊಳಗ ಡಬ್ಬಿ ತುಂಬ ಗಂಜಿ ಕುಡಿಸಿದ್ದೆ.”