ಅಪ್ಪನಿಲ್ಲದ ನೆನಪು

ನೆನಪುಗಳಿಂದಲೇ ಸಿನಿಮಾ ಮಾಡುವ ಕಾಲ ಬಂದಮೇಲೆ, ನಿರ್ದೇಶಕನಾಗಬೇಕೆನ್ನುವವರೆಲ್ಲ ಮೊದಲು ನೆನಪು ತೆಗೆಯುವ ಕೆಲಸದ ನಾಗವೇಣಿಯ ಮುಂದೆ ಕೂತು, ತಲೆಗೆ ತಂತಿ ಹಚ್ಚಿಸಿಕೊಂಡು, ತಮ್ಮ ಸ್ವಂತದ ಒಂದು ದುಃಖವನ್ನು ತೆಗೆಸಿಕೊಡಬೇಕಿತ್ತು. ಆ ಮಂಗಳವಾರ ಬಂದವನು ಚಿದಂಬರ. ಹದಿನಾಲ್ಕು ವರ್ಷ ಟೀವಿ ಕಾರ್ಯಕ್ರಮ ನಡೆಸಿ, ಬಂದವರನ್ನೆಲ್ಲ ಅಳಿಸಿ ಹೆಸರು ಮಾಡಿದವನು. ಇದು ಅವನ ಮೊದಲ ಸಿನಿಮಾ.

"ನಮ್ಮಪ್ಪ ತೀರಿಕೊಂಡ ದಿನ ತೆಗೀರಿ. ಇಡೀ ರಾಜ್ಯ ಅಳುತ್ತೆ," ಎಂದ.

ಪರದೆಯ ಮೇಲೆ ಆಸ್ಪತ್ರೆಯ ಮಂಚ ಮೂಡಿತು. ಮಂಚದ ಮೇಲಿದ್ದವರ ಮುಖ ಬರೀ ಮಸುಕು. ಸ್ಪಷ್ಟವಾಗಿ ಕಂಡಿದ್ದು ಕಿಟಕಿಯ ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಚಿದಂಬರನೇ.

"ಸರ್, ಇದರಲ್ಲಿ ನಿಮ್ಮ ತಂದೆಯವರೇ ಇಲ್ಲ."

"ಮಷೀನ್ ಕೆಟ್ಟಿರಬೇಕು."

"ಮಷೀನ್ ಸರಿಯಾಗಿದೆ. ನೀವು ನೋಡಿದ್ದಷ್ಟೇ ಬರೋದು."

ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ತೋರಿಸಿ, "ಅವರು ನಿಮ್ಮ ತಂದೆ ಅಲ್ವಾ? ಆ ನೆನಪು ಕೊಡಿ. ಟೈಟಲ್‌ನಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ," ಎಂದ.

ಒಮ್ಮೆ ತೆಗೆದ ನೆನಪು ಮತ್ತೆ ತಲೆಗೆ ಬರುವುದಿಲ್ಲ. ಅಪ್ಪ ಕೊನೆಗೆ ಅವಳ ಕೈ ಹಿಡಿದು ನಕ್ಕಿದ್ದನ್ನು ನಾಗವೇಣಿ ಯಾರಿಗೂ ಕೊಡುವವಳಲ್ಲ.

"ಆಗಲ್ಲ ಸರ್. ನಿಮ್ಮ ತಾಯಿಗೆ ಹುಷಾರಿಲ್ಲ ಅಂತ ಟೀವೀಲಿ ಹೇಳ್ತಿದ್ರಲ್ಲ. ಹೋಗಿ ಅವರನ್ನಾದ್ರೂ ಕಣ್ತುಂಬ ನೋಡಿ ಬನ್ನಿ."

ಚಿದಂಬರ ಗಂಭೀರವಾಗಿ ಯೋಚಿಸಿದ.

"ಡಾಕ್ಟರು ಇನ್ನೂ ಎರಡು ವರ್ಷ ಅಂತಾರೆ. ನನ್ನ ಶೂಟಿಂಗ್ ಜೂನಿಗೇ ಮುಗೀಬೇಕು."

ನಾಗವೇಣಿ ತಂತಿ ಬಿಚ್ಚಿದಳು. ಅವನ ಅರ್ಜಿಯ ಮೇಲೆ 'ದುಃಖ ಸಿಗಲಿಲ್ಲ' ಎಂದು ಬರೆದು, ಮುಂದಿನವರನ್ನು ಕರೆದಳು.